ಮಗ್ಗಿ ಹಿಂದಿನಿಂದಲೂ ಬರಲಿ

ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಬೇಕೋ ಬೇಡವೋ ಎಂದು ಹಳದೀಪುರದ ಪಾಲಕರು ಈಗಲೂ ನನ್ನನ್ನು ಕೇಳುತ್ತಾರೆ. ಹೊನ್ನಾವರ, ಕುಮಟಾ ನಡುವಿನ ಈ ಸೀಮೆಯ ಮಕ್ಕಳಿಗೆ ಬಹುಕಾಲ ಗಣಿತ ಕಲಿಸಿದ ನನ್ನ ಉತ್ತರ ಒಂದೇ: ಮಾಡಿಸಬೇಕು. ಯಾವಾಗ, ಎಷ್ಟು, ಹೇಗೆ ಎಂಬುದನ್ನು ಮಾತ್ರ ಮಕ್ಕಳೇ ನನಗೆ ಕಲಿಸಿದರು.

ಎಂಟನೇ ತರಗತಿಯಲ್ಲಿ ಅಪವರ್ತನ ಶುರುವಾದಾಗ ಮಗ್ಗಿಯ ಬೆಲೆ ಗೊತ್ತಾಗುತ್ತದೆ. ಗುಣಲಬ್ಧ 56, ಮೊತ್ತ 15 ಬರುವ ಎರಡು ಸಂಖ್ಯೆ ಯಾವುವು? ಮಗ್ಗಿ ಬಂದವರು ಏಳು, ಎಂಟು ಎಂದುಬಿಡುತ್ತಾರೆ. ಬಾರದವರು ಬೆರಳು ಮಡಚುತ್ತ ಕೂರುತ್ತಾರೆ. ಉತ್ತರ ಸಿಗುವಷ್ಟರಲ್ಲಿ ಲೆಕ್ಕ ಕೇಳಿದ್ದೇನು ಎಂಬುದೇ ಮರೆತಿರುತ್ತದೆ. ಆ ಮಕ್ಕಳು ದಡ್ಡರಲ್ಲ. ಅವರ ಗಮನವೆಲ್ಲ ಗುಣಾಕಾರಕ್ಕೇ ಮುಗಿದು, ಬೀಜಗಣಿತಕ್ಕೆ ಏನೂ ಉಳಿದಿರುವುದಿಲ್ಲ. ಭಾಗಾಕಾರ, ಭಿನ್ನರಾಶಿಗಳಲ್ಲೂ ಇದೇ ಪಾಡು.

ಮಗ್ಗಿಯನ್ನು ರಾಗವಾಗಿ ಒಪ್ಪಿಸುವ ಕೆಲವರೂ ಅಲ್ಲೇ ತಡವರಿಸುತ್ತಿದ್ದರು. ಏಳೆಂಟ್ಲೆ ಎಷ್ಟು ಎಂದರೆ ಏಳೊಂದ್ಲೆ ಏಳರಿಂದ ಹೊರಟು ಅಲ್ಲಿಗೆ ಬರಬೇಕು. ಅಂಥವರಿಗಾಗಿ ನಾನು ಪ್ರಶ್ನೆಯನ್ನೇ ತಿರುಗಿಸಿದೆ. ಹತ್ತರವರೆಗಿನ ಯಾವ ಯಾವ ಮಗ್ಗಿಯಲ್ಲಿ 24 ಬರುತ್ತದೆ? ಮೂರು, ನಾಲ್ಕು, ಆರು, ಎಂಟು. ಹಾಗಾದರೆ 43 ಏಕೆ ಎರಡರಿಂದ ಹತ್ತರವರೆಗೆ ಎಲ್ಲೂ ಇಲ್ಲ? ಈ ಪ್ರಶ್ನೆಯಿಂದಲೇ ತರಗತಿ ಅವಿಭಾಜ್ಯ ಸಂಖ್ಯೆಗಳಿಗೆ ತಾನಾಗಿ ಹೊರಳಿತು. ಮಗ್ಗಿಯನ್ನು ಉತ್ತರದ ಕಡೆಯಿಂದಲೂ ಓದಬಲ್ಲ ಮಗುವಿಗೆ ಮಾತ್ರ ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಬಾಯಿಪಾಠಕ್ಕೆ ಮೊದಲು ಅರ್ಥವಾಗಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಪದ್ಧತಿ ಹೇಳಿದ್ದೂ ಮಾಡಿ ಕಲಿಯಬೇಕೆಂದೇ. ನಮ್ಮಲ್ಲಿ ಅದಕ್ಕೆ ಅಡಿಕೆ ತೋಟವೇ ಸಾಕು. ಏಳು ಸಾಲು, ಸಾಲಿಗೆ ಎಂಟು ಮರ. ಪಕ್ಕದ ಬದಿಗೆ ಹೋಗಿ ನಿಂತರೆ ಎಂಟು ಸಾಲು, ಸಾಲಿಗೆ ಏಳು. ಮರಗಳು ಅವೇ 56. ಮಳೆಗಾಲದಲ್ಲಿ ಹುಣಸೆಬೀಜ ಜೋಡಿಸಿದರೂ ಆದೀತು. ಇದನ್ನು ಕಣ್ಣಾರೆ ಕಂಡ ಮಗುವಿಗೆ ಹೊರೆ ಅರ್ಧಕ್ಕೆ ಇಳಿಯುತ್ತದೆ: ಹತ್ತರವರೆಗಿನ ನೂರು ಗುಣಲಬ್ಧಗಳಲ್ಲಿ ಬೇರೆ ಬೇರೆ ಜೋಡಿಗಳು 55 ಮಾತ್ರ. ಒಂದರ, ಹತ್ತರ ಮಗ್ಗಿ ಕಲಿಯುವುದೇ ಬೇಡ, ಅವನ್ನು ಬಿಟ್ಟರೆ ಉಳಿಯುವುದು 36. ಅಷ್ಟಕ್ಕೆ ಮಕ್ಕಳನ್ನು ಹೆದರಿಸುವ ಅಗತ್ಯವೇ ಇಲ್ಲ.

ಎಷ್ಟು ಕಲಿಯಬೇಕೆಂಬುದನ್ನು ಕಾಲದ ಅಗತ್ಯ ನಿರ್ಧರಿಸಬೇಕು. ರೂಪಾಯಿಗೆ ಹದಿನಾರಾಣೆ ಇದ್ದಾಗ ಹದಿನಾರರ ಮಗ್ಗಿ, ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಅಂಗಡಿಗೆ ಹೋದವರಿಗೆಲ್ಲ ಬೇಕಿದ್ದವು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೆ ಆ ಒತ್ತಾಯ ಹೋಯಿತು. ಈಗ ಹತ್ತರವರೆಗೆ ಗಟ್ಟಿಯಾಗಿರಲಿ; ಇಪ್ಪತ್ತರವರೆಗೆ ಬಂದರೆ ಸಂತೋಷ, ಬಾರದಿದ್ದರೆ ಶಿಕ್ಷೆ ಬೇಡ.

ಇಂಗ್ಲೆಂಡಿನಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಮಗ್ಗಿ ಪರೀಕ್ಷೆ 2022ರಿಂದ ಕಡ್ಡಾಯ: 25 ಪ್ರಶ್ನೆ, ಪ್ರತಿಯೊಂದಕ್ಕೂ ಆರು ಸೆಕೆಂಡು. ಥಟ್ಟನೆ ಹೇಳುವುದು ಮುಖ್ಯ ಎಂಬುದನ್ನು ನಾನೂ ಒಪ್ಪುತ್ತೇನೆ. ಗಡಿಯಾರ ಹಿಡಿದು ನಿಲ್ಲುವುದನ್ನು ಒಪ್ಪಲಾರೆ. ಹೆದರಿದ ಮಗುವಿಗೆ ಬಂದದ್ದೂ ಮರೆಯುತ್ತದೆ. ದಿನಕ್ಕೆ ಐದು ನಿಮಿಷ, ಹಿಂದುಮುಂದಾಗಿ ನಾಲ್ಕಾರು ಪ್ರಶ್ನೆ, ತಪ್ಪಿದರೆ ಮರುದಿನ ಅದನ್ನೇ ಇನ್ನೊಮ್ಮೆ ಕೇಳುವುದು: ನನ್ನ ತರಗತಿಯಲ್ಲಿ ಫಲ ಕೊಟ್ಟದ್ದು ಇದು.

ಮಗ್ಗಿ ಬೇಡವೆನ್ನುವವರಿಗೆ ನನ್ನದೊಂದು ಮಾತು. ಉಳ್ಳವರ ಮಕ್ಕಳು ಟ್ಯೂಷನ್ನಿನಲ್ಲೋ ಮನೆಯಲ್ಲೋ ಅದನ್ನು ಹೇಗಾದರೂ ಕಲಿತುಕೊಳ್ಳುತ್ತಾರೆ. ನಸುಕಿನಲ್ಲೇ ದೋಣಿಗೆ, ತೋಟಗೆಲಸಕ್ಕೆ ಹೊರಡುವವರ ಮಕ್ಕಳಿಗೆ ಇರುವುದು ಶಾಲೆಯೊಂದೇ. ಅಲ್ಲಿಯೂ ಕಲಿಸದೆ ಬಿಟ್ಟರೆ ಎಂಟನೇ ತರಗತಿಯಲ್ಲಿ ಗಣಿತ ಕೈಬಿಡುವವರು ಅವರೇ. ಅವರಿಗಾಗಿಯಾದರೂ ಶಾಲೆ ಮಗ್ಗಿಯನ್ನು ಬಿಡಬಾರದು.