ಕೇಳಿ ಇಳಿಯಿರಿ, ಮಕ್ಕಳೇ

ಈ ರಜೆಗೆ ನನ್ನ ಮೊಮ್ಮಗಳು ಗೆಳತಿಯರ ಜತೆ ಲಕ್ಷದ್ವೀಪದ ಕದ್ಮತ್‌ಗೆ ಹೊರಟಿದ್ದಾಳೆ. ಕೊಚ್ಚಿಯಿಂದ ಹಡಗು, ದ್ವೀಪದಲ್ಲಿ ಮೂರು ದಿನ, ದಿನವೂ ಲಗೂನಿನಲ್ಲಿ ಈಜು. ಫೋನಿನಲ್ಲಿ ಆ ಹಸಿರುನೀಲಿ ನೀರಿನ ಚಿತ್ರ ತೋರಿಸಿ, "ಅಜ್ಜ, ನೀವು ಅಲ್ಲಿಗೆ ಹೋಗಿ ಬಂದವರು, ಏನಾದರೂ ಹೇಳುವುದಿದ್ದರೆ ಹೇಳಿ" ಎಂದಳು. ಹೇಳಲು ಕೂತರೆ ಮಾತು ಬಹಳ ಇತ್ತು. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲಂತೂ ಆ ನೀರಿಗೆ ಇಳಿಯಬೇಕೆಂಬ ಆಸೆ ಎಲ್ಲೆಡೆ ಹಬ್ಬಿದೆ. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ಅವಳ ಓರಗೆಯ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ. ದ್ವೀಪಕ್ಕೆ ಹೋದವರು ಲಗೂನಿಗೆ ಇಳಿಯದೆ ಬರುವುದುಂಟೇ? ಇಳಿಯಿರಿ, ಮನಸಾರೆ ಈಜಿ. ಆದರೆ ಕೇಳಿ ಇಳಿಯಿರಿ. ನಮ್ಮ ಭಾಷೆಯಲ್ಲಿ ಕೇಳುವುದೆಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಕಡಲಿನ ಮುಂದೆ ನಿಂತಾಗ ಎರಡೂ ಬೇಕು.

ಮೊದಲು ಆ ದ್ವೀಪಗಳು ನಮಗೆ ಏನಾಗಬೇಕು ಎನ್ನುವುದನ್ನು ತಿಳಿದುಕೊಳ್ಳಿ. ನಾನು ಬೆಳೆದದ್ದು ಮಂಗಳೂರಿನ ಬಂದರಿನ ಹತ್ತಿರ. ಚಿಕ್ಕಂದಿನಲ್ಲಿ ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪದ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಸಾಲಾಗಿ ನಿಲ್ಲುತ್ತಿದ್ದವು. ಅಲ್ಲಿಂದ ತೆಂಗಿನಕಾಯಿ, ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಗಿಸಿದ ಟ್ಯೂನಾ ಬರುತ್ತಿತ್ತು. ಇಲ್ಲಿಂದ ಅಕ್ಕಿ, ಈರುಳ್ಳಿ, ಉಪ್ಪು, ಹಂಚು ಹೋಗುತ್ತಿತ್ತು. ಅಮಿನಿ, ಕದ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ಅಮಿನ್‌ದಿವಿ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮುಂದೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಉಳಿದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ದಿನವೇ ಅವು ನಮ್ಮಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಹಾಗಾಗಿ ನೀವು ಹೋಗುತ್ತಿರುವುದು ಜಾಹೀರಾತಿನ ಊರಿಗಲ್ಲ. ನಮ್ಮ ಅಕ್ಕಿ ಉಂಡು, ನಮಗೆ ಹುರಿ ಕೊಟ್ಟ ನೆರೆಮನೆಗೆ. ನೆರೆಮನೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಕರೆದು, ಒಪ್ಪಿಗೆ ಸಿಕ್ಕ ಮೇಲೆ ಒಳಗೆ ಹೋಗುವುದು ನಮ್ಮ ರೂಢಿ.

ಆ ಬಾಗಿಲು ಪರವಾನಗಿ. ಲಕ್ಷದ್ವೀಪದವರಲ್ಲದ ಪ್ರವಾಸಿಗರು ಯಾರೇ ಆಗಲಿ, ಭಾರತೀಯರೇ ಆಗಿದ್ದರೂ, ಪ್ರವೇಶದ ಅನುಮತಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. 1967ರಿಂದಲೂ ಈ ನಿಯಮವಿದೆ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ. 36 ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರ್ ಅಷ್ಟೇ ಆಗುತ್ತದೆ. ಜನ ವಾಸಿಸುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಂತೆ ಅಷ್ಟು ನೆಲದಲ್ಲೇ 64 ಸಾವಿರಕ್ಕೂ ಹೆಚ್ಚು ಜನ ಬದುಕಬೇಕು. ಅಷ್ಟು ಸಣ್ಣ ಮನೆಗೆ ಎಷ್ಟು ನೆಂಟರು ಬರಬಹುದು ಎಂದು ಮನೆಯವರು ಲೆಕ್ಕ ಇಡುವುದು ನ್ಯಾಯ.

ಎರಡನೆಯದಾಗಿ ಕಾಲವನ್ನು ಕೇಳಿ. ಹಳೆ ಬಂದರಿನಿಂದ ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಕಡಲಿಗೆ ಹೋಗುವುದಿಲ್ಲ. ಹತ್ತಾರು ಮಳೆಗಾಲ ಕಂಡ, ಮಂಜಿ ನಡೆಸುವ ತಂಡೇಲನೂ ಆಗ ಹಾಯಿ ಬಿಚ್ಚಿಟ್ಟು ಮನೆ ಸೇರುತ್ತಾನೆ. ಅವನೇ ಕೈಮುಗಿದು ಕೂರುವ ಕಾಲದಲ್ಲಿ ನಾವು ಟಿಕೆಟ್ ಅಗ್ಗವಾಯಿತೆಂದು ಹೊರಡಬಾರದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಆಗಲೂ ಗಾಳಿ ಎದ್ದರೆ ಹಡಗು ತಡವಾಗುತ್ತದೆ, ದೋಣಿ ಬಿಡುವುದಿಲ್ಲ. ಹಿಂತಿರುಗುವ ದಿನಕ್ಕೂ ಆಫೀಸಿಗೂ ನಡುವೆ ಎರಡು ದಿನ ಬಿಡುವು ಇಟ್ಟುಕೊಳ್ಳಿ. ಆ ಎರಡು ದಿನ ಕೈಯಲ್ಲಿದ್ದರೆ ಅಪಾಯದ ದೋಣಿ ಹತ್ತುವ ಆತುರವೇ ಹುಟ್ಟುವುದಿಲ್ಲ.

ಮೂರನೆಯದು ಹಡಗಿನಿಂದ ದೋಣಿಗೆ ಇಳಿಯುವ ಗಳಿಗೆ. ಎಷ್ಟೋ ಕಡೆ ದೊಡ್ಡ ಹಡಗು ದಡಕ್ಕೆ ಬರಲಾರದು. ಹವಳದ ದಿಬ್ಬದ ಹೊರಗೆ ನಿಲ್ಲುತ್ತದೆ. ಸಣ್ಣ ದೋಣಿ ಅದರ ಮಗ್ಗುಲಿಗೆ ಬಂದು ನಿಂತಾಗ ಅಲೆಗೆ ಒಮ್ಮೆ ನಿಮ್ಮ ಕಾಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಒಂದಾಳು ಕೆಳಕ್ಕೆ ಹೋಗುತ್ತದೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಹೆದರಬೇಡಿ, ಆದರೆ ಸ್ವಂತ ಬುದ್ಧಿಯಿಂದ ಕಾಲಿಡಲೂ ಬೇಡಿ. ಬಾಗಿಲಲ್ಲಿ ನಿಂತ ನಾವಿಕರು ನಿಮ್ಮ ಮುಂಗೈ ಹಿಡಿದುಕೊಳ್ಳುತ್ತಾರೆ. ಅವರು "ಈಗ" ಎಂದಾಗ ಹೆಜ್ಜೆ ಹಾಕಿ, "ನಿಲ್ಲಿ" ಎಂದರೆ ನಿಲ್ಲಿ. ಚೀಲ ಬೆನ್ನಿಗಿರಲಿ, ಎರಡೂ ಕೈ ಖಾಲಿ ಇರಲಿ, ಫೋನು ಜೇಬಿನೊಳಗಿರಲಿ. ಲೈಫ್ ಜಾಕೆಟಿನ ಪಟ್ಟಿಯನ್ನು ಹಡಗಿನಲ್ಲೇ ಬಿಗಿದುಕೊಳ್ಳಿ. ದೋಣಿಯಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ಓಡಿ ಫೋಟೋ ತೆಗೆಯಬೇಡಿ. ದೋಣಿ ತುಂಬಿದೆ ಅನ್ನಿಸಿದರೆ ಮುಂದಿನದಕ್ಕೆ ಕಾಯಿರಿ. ಅರ್ಧ ಗಂಟೆ ತಡವಾದರೆ ಲಗೂನು ಎಲ್ಲಿಗೂ ಹೋಗುವುದಿಲ್ಲ.

ಇನ್ನು ಲಗೂನು. ಅದು ಏನೆಂದು ತಿಳಿಯದೆ ಇಳಿದರೆ ಅದು ನಿಮಗೆ ಬರೀ ಈಜುಕೊಳ. ಸಾವಿರಾರು ವರ್ಷಗಳಿಂದ ತೀರ ಸಣ್ಣ ಜೀವಿಗಳು ಸುಣ್ಣದ ಗೂಡು ಕಟ್ಟುತ್ತ, ಒಂದರ ಮೇಲೊಂದು ಸತ್ತು ಹುಟ್ಟುತ್ತ ಎಬ್ಬಿಸಿದ ಗೋಡೆ ಆ ಹವಳದ ದಿಬ್ಬ. ಹನಿ ಹನಿ ಕೂಡಿ ಹಳ್ಳ ಎನ್ನುತ್ತೇವಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ನಾನು ಕಂಡಿಲ್ಲ. ಮಳೆಗಾಲದ ಅರಬ್ಬಿ ಸಮುದ್ರದ ಹೊಡೆತವನ್ನು ಆ ಗೋಡೆ ತಾಳಿಕೊಳ್ಳುತ್ತದೆ. ಅದರ ಒಳಗೆ ನೀರು ಶಾಂತ, ನೆಲ ಬಿಳಿ ಮರಳು. ಆ ಮರಳಿನಲ್ಲೂ ಎಷ್ಟೋ ಪಾಲು ಗಿಳಿಮೀನುಗಳು ಹವಳವನ್ನು ಕಡಿದು ಅರೆದು ಹೊರಹಾಕಿದ್ದು. ಕದ್ಮತ್ ಸುಮಾರು 9 ಕಿಲೋಮೀಟರ್ ಉದ್ದದ, ಅರ್ಧ ಕಿಲೋಮೀಟರಿನ ಆಸುಪಾಸು ಅಗಲದ ಪಟ್ಟಿ. ಪಶ್ಚಿಮದ ಆ ಗೋಡೆ ಇಲ್ಲದಿದ್ದರೆ ಅಂಥ ಪಟ್ಟಿ ಕಡಲ ನಡುವೆ ಉಳಿಯುವುದು ಕಷ್ಟ.

ದ್ವೀಪದವರಿಗೆ ಲಗೂನು ಗದ್ದೆಯೂ ಹೌದು. ಅವರು ಟ್ಯೂನಾವನ್ನು ಬಲೆ ಎಳೆದು ಬಾಚುವುದಿಲ್ಲ, ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ಸಿಗುವುದು ಲಗೂನಿನಲ್ಲಿ. ಹವಳ ಸತ್ತರೆ ಎರೆಮೀನು ಇಲ್ಲ, ಎರೆಮೀನು ಇಲ್ಲದಿದ್ದರೆ ಟ್ಯೂನಾ ಇಲ್ಲ. ಇನ್ನೊಬ್ಬರ ಗದ್ದೆಯಲ್ಲಿ ನಾವು ಬದುವಿನ ಮೇಲೆ ನಡೆಯುತ್ತೇವೆ, ಪೈರು ತುಳಿಯುವುದಿಲ್ಲ. ಅಲ್ಲಿಯೂ ಹಾಗೆಯೇ ನಡೆದುಕೊಳ್ಳಿ.

ಈಗ ನನ್ನ ತಪ್ಪಿನ ಕಥೆ. ಮೂವತ್ತು ವರ್ಷದ ಹಿಂದೆ ಮೊದಲ ಸಲ ಹೋದಾಗ ನನಗೆ ನೇತ್ರಾವತಿ ಈಜಿದವನೆಂಬ ಹೆಮ್ಮೆ ಇತ್ತು. ಯಾರನ್ನೂ ಕೇಳದೆ ಮಧ್ಯಾಹ್ನ ಲಗೂನಿಗೆ ಇಳಿದು, ನೀಲಿ ಗಾಢವಾಗಿ ಕಂಡ ಕಡೆಗೆ ಈಜಿದೆ. ಅದು ದಿಬ್ಬದ ನಡುವಿನ ಬಾಯಿ, ದೋಣಿಗಳು ಒಳಗೆ ಹೊರಗೆ ಓಡಾಡುವ ದಾರಿ. ಅಲೆಗಳು ದಿಬ್ಬ ಹಾರಿ ಒಳಗೆ ಸುರಿದ ನೀರೆಲ್ಲ ಹೊರಹೋಗುವುದು ಆ ಬಾಯಿಯಿಂದಲೇ. ಇಳಿತದ ಹೊತ್ತಿನಲ್ಲಿ ಅದರ ಸೆಳೆತ ಹೊಳೆಯ ನೆರೆಯಂತೆ. ಇಪ್ಪತ್ತು ಕೈ ಬೀಸಿದರೂ ದಡ ಹತ್ತಿರ ಬರಲಿಲ್ಲ. ಕೈ ಸೋತಿತು, ಉಸಿರು ಕಟ್ಟಿತು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ವಯಸ್ಸಾದ ಕಾಕ ಒಬ್ಬರು ದೋಣಿ ತಂದು, ಕಂಕುಳಿಗೆ ಕೈ ಹಾಕಿ ನನ್ನನ್ನು ಎಳೆದುಕೊಂಡರು. ಅವರಾಡುವ ಜೆಸರಿ ಭಾಷೆ ನನಗೆ ಪೂರ್ತಿ ತಿಳಿಯದು. ಬಂದರಿನಲ್ಲಿ ಕಿವಿಗೆ ಬಿದ್ದ ಬ್ಯಾರಿ ಭಾಷೆಯ ಬಲದಿಂದ ಒಂದು ಮಾತು ಅರ್ಥವಾಯಿತು: ಇಳಿಯುವ ಮೊದಲು ಕೇಳಬಾರದಿತ್ತೇ? ಅವರು ಗದರಲಿಲ್ಲ. ಗದರಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಮೆತ್ತನೆಯ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ.

ಆದ್ದರಿಂದ ನೀರಿಗೆ ಇಳಿಯುವ ಮೊದಲು ಅಲ್ಲಿನ ದೋಣಿಯವರಲ್ಲಿ ಮೂರು ಮಾತು ಕೇಳಿ. ಈಗ ಉಬ್ಬರವೋ ಇಳಿತವೋ? ಬಾಯಿ ಯಾವ ದಿಕ್ಕಿಗಿದೆ? ಎಲ್ಲಿಯವರೆಗೆ ಹೋಗಬಹುದು? "ಕಾಕ, ಇಲ್ಲಿ ಇಳಿಯಬಹುದಾ?" ಎಂದರೆ ಯಾರೂ ಬೇಸರಪಡುವುದಿಲ್ಲ. ಒಬ್ಬರೇ ಇಳಿಯಬೇಡಿ. ಕೆರೆ, ಬಾವಿ, ಈಜುಕೊಳದ ಈಜು ಕಡಲಿನ ಸೆಳೆತಕ್ಕೆ ಸಾಲದು. ಸೆಳೆತಕ್ಕೆ ಸಿಕ್ಕರೆ ನೀರಿನ ಜತೆ ಜಗಳಕ್ಕೆ ನಿಲ್ಲಬೇಡಿ. ಅಂಗಾತ ತೇಲಿ, ಕೈಯೆತ್ತಿ ಕೂಗಿ, ಶಕ್ತಿಯಿದ್ದರೆ ಸೆಳೆತಕ್ಕೆ ಅಡ್ಡವಾಗಿ ಈಜಿ. ದೋಣಿ ಓಡಾಡುವ ದಾರಿಯಲ್ಲಂತೂ ಈಜಲೇಬೇಡಿ. ನೀರಿನಲ್ಲಿ ನಿಮ್ಮ ತಲೆ ದೋಣಿಯವನಿಗೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ.

ಹವಳದ ಮೇಲೆ ನಿಲ್ಲಬೇಡಿ. ದಣಿವಾದರೆ ಮರಳು ನೋಡಿ ಕಾಲೂರಿ, ಇಲ್ಲವೇ ತೇಲಿ. ಕಲ್ಲಿನಂತೆ ಕಂಡರೂ ಅದರ ಮೈಮೇಲೆ ಜೀವವಿದೆ. ಗುಂಡುಗುಂಡಾದ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ನೀವು ಒಂದು ಕ್ಷಣ ಒದ್ದು ಮುರಿದದ್ದು ನಿಮ್ಮ ಮಗಳು ದೊಡ್ಡವಳಾಗುವ ಹೊತ್ತಿಗೂ ತುಂಬಿಕೊಂಡಿರುವುದಿಲ್ಲ. ಅದು ಕೊಯ್ದರೆ ನಿಮ್ಮ ಕಾಲಿನ ಗಾಯವೂ ಬೇಗ ಮಾಯುವುದಿಲ್ಲ. ದಡದಲ್ಲಿ ಬಿದ್ದ ಸತ್ತ ತುಂಡನ್ನೂ ನೆನಪಿಗೆಂದು ಚೀಲಕ್ಕೆ ಹಾಕಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಒಯ್ಯುವುದು ಅಪರಾಧ. ಆಮೆ ಕಂಡರೆ ಹಿಂಬಾಲಿಸಬೇಡಿ. ಅದು ಉಸಿರಿಗಾಗಿ ಮೇಲೆ ಬರಲೇಬೇಕು, ದಾರಿ ಬಿಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನೀರು ಅತಿಯಾಗಿ ಬಿಸಿಯಾದಾಗ ಹವಳ ತನ್ನೊಳಗಿದ್ದು ಅನ್ನ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016, 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕದ್ಮತ್, ಕವರತ್ತಿಯ ದಿಬ್ಬಗಳನ್ನು 1998ರಿಂದ ನೋಡುತ್ತ ಬಂದಿದ್ದಾರೆ. ಆಗ ಶೇ. 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ. 20ರೊಳಗೆ ಇಳಿದಿತ್ತು. ಅಂದರೆ ನಾನು ಕಂಡ ಲಗೂನು ನಿಮಗೆ ಸಿಗುತ್ತಿಲ್ಲ. ಕಡಲ ಬಿಸಿ ಇಳಿಸುವುದು ಒಬ್ಬಿಬ್ಬರ ಕೈಯಲ್ಲಿಲ್ಲ. ಜ್ವರದಲ್ಲಿ ಮಲಗಿದವರ ಎದೆ ತುಳಿಯದಿರುವುದು ಮಾತ್ರ ಪ್ರತಿಯೊಬ್ಬರ ಕೈಯಲ್ಲೂ ಇದೆ.

ಬಿಸಿಲನ್ನೂ ಲಘುವಾಗಿ ಕಾಣಬೇಡಿ. ಮುಖ ಕೆಳಗೆ ಮಾಡಿ ಮೀನು ನೋಡುತ್ತ ತೇಲುವಾಗ ನೀರಿನ ತಂಪಿಗೆ ಬೆನ್ನು ಸುಟ್ಟದ್ದು ತಿಳಿಯುವುದೇ ಇಲ್ಲ, ರಾತ್ರಿ ಮಲಗಲಾಗುವುದಿಲ್ಲ. ತುಂಬುತೋಳಿನ ಈಜುಡುಪು ಹಾಕಿಕೊಳ್ಳಿ. ಹವಳಕ್ಕೆ ಕೆಡುಕು ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಮೈತುಂಬ ಬಳಿದುಕೊಂಡು ಇಳಿಯುವುದಕ್ಕಿಂತ ಬಟ್ಟೆಯೇ ಮೇಲು, ನಿಮಗೂ ಕಡಲಿಗೂ.

ಕೊನೆಗೆ ಊರಿನವರನ್ನು ಕೇಳಿ. ಬಂಗಾರಂ ದ್ವೀಪ ಬಿಟ್ಟರೆ ಅಲ್ಲೆಲ್ಲ ಮದ್ಯ ನಿಷೇಧ. ಕದ್ದು ಒಯ್ಯುವ ಯೋಚನೆಯೇ ಬೇಡ, ಕುಡಿದು ನೀರಿಗೆ ಇಳಿಯುವುದು ಸಾವನ್ನು ಕರೆದಂತೆ. ಈಜುಡುಪು ಈಜುವ ಜಾಗಕ್ಕೆ ಸಾಕು. ಊರ ದಾರಿಯಲ್ಲಿ ನಡೆಯುವಾಗ ಮೈತುಂಬ ಬಟ್ಟೆ ಇರಲಿ. ಹೆಂಗಸರ, ಮಕ್ಕಳ ಚಿತ್ರ ತೆಗೆಯುವ ಮೊದಲು ಒಪ್ಪಿಗೆ ಕೇಳಿ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಮಳೆನೀರೇ ಬಾವಿಗೆ ಆಧಾರ. ಅದು ಸಾಲದೆಂದು 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಮಾಡುವ ಸ್ಥಾವರ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ಆದ್ದರಿಂದ ಈಜಿ ಬಂದು ಒಂದು ಬಕೆಟ್ ನೀರಿನಲ್ಲಿ ಮಿಂದುಬಿಡಿ. ಒಯ್ದ ಪ್ಲಾಸ್ಟಿಕ್ಕೆಲ್ಲ ನಿಮ್ಮ ಚೀಲದಲ್ಲೇ ಹಡಗು ಹತ್ತಲಿ. ಅಷ್ಟು ಸಣ್ಣ ನೆಲದಲ್ಲಿ ಕಸಕ್ಕೆ ಬೇರೆ ಜಾಗವಿಲ್ಲ.

ಮಕ್ಕಳೇ, ಹೋಗಿ ಬನ್ನಿ. ಹೆದರಿಸಲು ಇಷ್ಟು ಹೇಳಲಿಲ್ಲ. ಆ ನೀರಿನೊಳಗೆ ಮೊದಲ ಸಲ ಕಣ್ಣು ಬಿಟ್ಟ ಕ್ಷಣ ಬಾಳಿನಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ನಿಮಗೂ ಅದು ದಕ್ಕಲಿ ಎಂಬುದೇ ನನ್ನ ಆಸೆ. ದಡದಲ್ಲಿ ಕುಳಿತ ಕಾಕನನ್ನು ಒಂದು ಮಾತು ಕೇಳಿ, ಅವರು ಹೇಳಿದ್ದಕ್ಕೆ ಕಿವಿಗೊಟ್ಟು, ಆಮೇಲೆ ನೀರಿಗೆ ಇಳಿಯಿರಿ.