ಹುರುಳಿ ಹಾಸಿದ ರಸ್ತೆ

ಬೈಕು ಕೊಂಡಿದ್ದೀಯ, ಸಂತೋಷ. ಚಿಗಟೇರಿಯಿಂದ ಹರಪನಹಳ್ಳಿ ಕಾಲೇಜಿಗೆ ದಿನಾ ಅದರಲ್ಲೇ ಹೋಗ್ತೀನಿ ತಾತಾ ಅಂದೆ, ಹೋಗಪ್ಪಾ. ಆದರೆ ದೀಪಾವಳಿ ಕಳೆದ ಮೇಲೆ ಶಿವರಾತ್ರಿವರೆಗೆ ಈ ರಸ್ತೆಯ ಗುಣವೇ ಬೇರೆ.

ಮನಾಲಿ ಕಡೆ ನೀರು ಹೆಪ್ಪುಗಟ್ಟಿದ ರಸ್ತೆಯಲ್ಲಿ ಗಾಡಿಗಳು ಜಾರುವ ವಿಡಿಯೊ ನೋಡಿ ನಗುತ್ತೀಯಲ್ಲ, ನಮ್ಮಲ್ಲಿ ಆ ಕೆಲಸವನ್ನು ಹುರುಳಿ ಮಾಡುತ್ತದೆ. ಗಾಲಿ ಓಡಿ ಕಾಳು ಉದುರಲಿ ಎಂದು ರೈತರು ಡಾಂಬರಿನ ಮೇಲೆ ಹರವುತ್ತಾರೆ. ಮೇಲೆ ಸೊಪ್ಪು ಕಾಣುತ್ತದೆ, ಕೆಳಗೆ ನುಣುಪು ಕಾಳು ಉರುಳುತ್ತಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕು ಹಿಡಿದೆಯೋ, ಬೈಕು ಮಲಗಿತು ಅಂತಲೇ ತಿಳಿ. ದೂರದಿಂದಲೇ ವೇಗ ಇಳಿಸು, ಹ್ಯಾಂಡಲ್ ನೆಟ್ಟಗಿರಲಿ. ಸೊಪ್ಪು ದಪ್ಪವಾಗಿದ್ದರೆ ಇಳಿದು ತಳ್ಳಿಕೊಂಡು ದಾಟು, ಮರ್ಯಾದೆ ಏನೂ ಹೋಗುವುದಿಲ್ಲ. ದಾಟಿದ ಮೇಲೆ ಚೈನು, ಸೈಲೆನ್ಸರ್ ನೋಡು. ಕಾರುಗಳ ಅಡಿಯಲ್ಲಿ ಹುರುಳಿ ಬಳ್ಳಿ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಗಾಡಿಯೇ ಸುಟ್ಟುಹೋದದ್ದುಂಟು.

ಬೆಳಗಿನ ಮಂಜಿನದು ಇನ್ನೊಂದು ಕಥೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗಿರುತ್ತೀಯ. ಗಾಬರಿಯಾಗಿ ಬ್ರೇಕಿಗೆ ಕೈ ಹೋಗುವಷ್ಟರಲ್ಲೇ ಆ ಸೆಕೆಂಡು ಮುಗಿಯುತ್ತದೆ. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಮಂಜಿನಲ್ಲಿ ಕಣ್ಣಿಗೆ ಕಾಣುವುದೇ ಆ 20 ಮೀಟರ್ ಆದರೆ, ಮುಂದೆ ಹೋಗುವ ಕಬ್ಬಿನ ಟ್ರ್ಯಾಕ್ಟರು ಕಂಡ ಮೇಲೆ ಬ್ರೇಕು ಹಿಡಿದರೂ ಗುದ್ದುವುದು ತಪ್ಪುವುದಿಲ್ಲ. ಎಷ್ಟೋ ಟ್ರೈಲರುಗಳಿಗೆ ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಹೆಡ್‌ಲೈಟು ಡಿಪ್ಪಿನಲ್ಲೇ ಇರಲಿ, ಎತ್ತಿ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿನ್ನ ಕಣ್ಣಿಗೇ ಬರುತ್ತದೆ. ಕೊಟ್ಟೂರು ತೇರು, ಮೈಲಾರದ ಕಾರ್ಣಿಕ ಹತ್ತಿರ ಬಂದಾಗ ಕತ್ತಲಲ್ಲಿ ನಡೆದು ಹೋಗುವ ಭಕ್ತರೂ ರಸ್ತೆಯಲ್ಲಿರುತ್ತಾರೆ.

ನಮ್ಮೂರ ನಾರದಮುನಿಗೆ ಕೈಮುಗಿದು ಹೊರಡು, ಬೇಡ ಅನ್ನುವುದಿಲ್ಲ. ಮೂರು ಲೋಕ ಸುತ್ತಿದರೂ ಆ ಸ್ವಾಮಿಗೆ ಡಾಂಬರಿನ ತಾಪತ್ರಯ ಇರಲಿಲ್ಲ, ನಿನಗೆ ಹೆಲ್ಮೆಟ್ ಬೇಕು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಚಿಗಟೇರಿ ಆಸ್ಪತ್ರೆ ಅಂತ ನಮ್ಮೂರ ಹೆಸರೇ ಇದೆ. ನಂಟು ಅಷ್ಟಕ್ಕೇ ಇರಲಿ.

ರಸ್ತೆಗೆ ಹುರುಳಿ ಹಾಸಿದರೆಂದು ರೈತರನ್ನು ಬೈಯಬೇಡ. ಹಿಂದೆ ಮನೆಮನೆಗೂ ಸಗಣಿ ಸಾರಿಸಿದ ಕಣ ಇತ್ತು. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದಂತೆ ಕಣಕ್ಕೆ ಜಾಗ ಉಳಿಯಲಿಲ್ಲ, ಬಾಡಿಗೆ ಕೊಟ್ಟು ಯಂತ್ರ ತರಿಸಲು ಎಲ್ಲರಿಗೂ ಆಗುವುದಿಲ್ಲ. ಹಾಗಂತ ರಸ್ತೆ ಕಣವಾಗುವುದು ಸರಿ ಅಂತ ನಾನು ಒಪ್ಪುವುದಿಲ್ಲ. ಪಂಚಾಯಿತಿಯವರು ಊರಿಗೊಂದು ಸಿಮೆಂಟಿನ ಕಣ ಕಟ್ಟಿಸಿದರೆ ಅರ್ಧ ತೊಂದರೆ ತೀರುತ್ತದೆ. ನಿಮ್ಮ ಓರಗೆಯವರೇ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು.

ಇನ್ನೊಂದು ಮಾತು, ಇದು ಮನೆಯದೇ. ರಸ್ತೆಯ ಮೇಲಿನ ಮೆಕ್ಕೆಜೋಳದ ರಾಶಿಗೆ ತಾಡಪಾಲು ಹೊದಿಸಿ ಸುತ್ತ ದಪ್ಪ ಕಲ್ಲಿಡುತ್ತೇವೆ. ಕಾಳು ಚೀಲಕ್ಕೆ ತುಂಬಿದ ಮೇಲೆ ಕಲ್ಲುಗಳು ಅಲ್ಲೇ ಬಿದ್ದಿರುತ್ತವೆ, ರಾತ್ರಿ ಬರುವವನಿಗೆ ಅವು ಕಾಣುವುದಿಲ್ಲ. ಈ ಸಲ ರಾಶಿ ಎತ್ತುವ ದಿನ ನೀನೇ ನಿಂತು ಆ ಕಲ್ಲುಗಳನ್ನೂ ಎತ್ತಿಸು.