ಪತಿ ಕಾಣೆಯಾದರೆ: ನಾಲ್ಕು ವರ್ಷವೇ, ಏಳು ವರ್ಷವೇ?

ಬೀಳಗಿಯ ಸುತ್ತಲಿನ ಊರುಗಳಿಂದ ದುಡಿಮೆಗಾಗಿ ಗೋವಾ, ಮಹಾರಾಷ್ಟ್ರಗಳಿಗೆ ಹೋಗುವವರಿದ್ದಾರೆ. ಹಾಗೆ ಹೋದವನು ಮರಳದಿದ್ದರೆ, ಅವನ ಸುದ್ದಿಯೇ ನಿಂತುಹೋದರೆ ಅವನ ಪತ್ನಿಯ ಗತಿಯೇನು? "ಏಳು ವರ್ಷ ಕಾಯಬೇಕು" ಎಂದು ಹಿರಿಯರು ಹೇಳಿಬಿಡುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ಆಸ್ತಿಯ ಲೆಕ್ಕ ಬೇರೆ, ವಿವಾಹದ ಲೆಕ್ಕ ಬೇರೆ.

ಮೊದಲು ವಿವಾಹ. ಕಾಣೆಯಾದವನನ್ನು ಶರೀಅತ್ 'ಮಫ್ಕೂದ್' ಎಂದು ಕರೆಯುತ್ತದೆ. ಅವನ ಸಮವಯಸ್ಕರೆಲ್ಲ ತೀರಿಹೋಗುವವರೆಗೂ ಪತ್ನಿ ಕಾಯಬೇಕೆಂಬುದು ಹನಫೀ ವಿದ್ವಾಂಸರ ಹಳೆಯ ಅಭಿಪ್ರಾಯ. ಹ. ಉಮರ್(ರ)ರವರ ತೀರ್ಪನ್ನು ಆಧರಿಸಿ ಮಾಲಿಕೀ ಮದ್‌ಹಬ್ 4 ವರ್ಷಗಳ ಅವಧಿಯನ್ನು ನಿಗದಿಪಡಿಸಿದೆ. ಸ್ತ್ರೀಯರ ಸಂಕಷ್ಟವನ್ನು ಕಂಡು ಮೌಲಾನಾ ಅಶ್ರಫ್ ಅಲಿ ಥಾನವಿಯವರಂತಹ ಹನಫೀ ಉಲಮಾಗಳೇ 1930ರ ದಶಕದಲ್ಲಿ ಮಾಲಿಕೀ ಅಭಿಪ್ರಾಯದತ್ತ ಒಲಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲೂ ಅದೇ ಅವಧಿಯಿದೆ. 4 ವರ್ಷ ಪತಿಯ ಸುಳಿವಿಲ್ಲದಿದ್ದರೆ ಪತ್ನಿ ನ್ಯಾಯಾಲಯಕ್ಕೆ ಹೋಗಿ ವಿವಾಹ ವಿಸರ್ಜನೆ ಕೇಳಬಹುದು. ಪತಿಯ ವಾರಸುದಾರರಿಗೆ ನೋಟೀಸು ಹೋಗುತ್ತದೆ. ತೀರ್ಪು 6 ತಿಂಗಳ ನಂತರವೇ ಜಾರಿಗೆ ಬರುತ್ತದೆ. ಅಷ್ಟರೊಳಗೆ ಪತಿ ಬಂದು, ದಾಂಪತ್ಯದ ಹೊಣೆ ಹೊರಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಅದು ರದ್ದಾಗುತ್ತದೆ. ಮಹರ್‌ನ ಹಕ್ಕಿಗೆ ಚ್ಯುತಿಯಿಲ್ಲ. ಪುನರ್ವಿವಾಹಕ್ಕೆ ಮುನ್ನ ಇದ್ದಾದ ಎಣಿಕೆಯನ್ನು ಉಲಮಾಗಳಿಂದ ಕೇಳಿ ತಿಳಿಯಿರಿ.

ಇನ್ನು ಆಸ್ತಿ. ಇಲ್ಲಿ 7 ವರ್ಷ. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮಿನಲ್ಲಿದೆ. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ತಲುಪಬೇಕಿತ್ತೋ ಅವರಿಗೆ 7 ವರ್ಷ ಏನೂ ತಿಳಿಯದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು. ಈ ನಿಯಮ ಮುಸ್ಲಿಮರಿಗೂ ಅನ್ವಯಿಸುತ್ತದೆಂದು ಅಲಹಾಬಾದ್ ಹೈಕೋರ್ಟ್ 1884ರಲ್ಲೇ ತೀರ್ಪಿತ್ತಿದೆ. ಆದರೆ 7 ವರ್ಷ ತುಂಬಿದೊಡನೆ ಮರಣ ತಾನಾಗಿ ದಾಖಲಾಗದು. ದಾವೆ ಹೂಡಿ ಘೋಷಣೆ ಪಡೆಯಬೇಕು. ಇಂಥದೇ ದಿನ ಮೃತನಾದನೆಂದು ಕಾನೂನು ಊಹಿಸುವುದಿಲ್ಲವೆಂದು 2004ರಲ್ಲಿ ಸುಪ್ರೀಮ್ ಕೋರ್ಟ್ ಜೀವವಿಮೆಯ ಮೊಕದ್ದಮೆಯೊಂದರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಅಲ್ಲಿಯವರೆಗೆ ವಿಮೆಯ ಕಂತು ನಿಲ್ಲಿಸಬೇಡಿ, ಅವನ ಜಮೀನು ಹಂಚಿಕೊಳ್ಳಬೇಡಿ.

ಎರಡಕ್ಕೂ ಆಧಾರ, ಸುದ್ದಿ ನಿಂತ ದಿನದ ದಾಖಲೆ. ಮರ್ಯಾದೆಗೆ ಅಂಜಿ ಸುಮ್ಮನಿರದೆ ಕೂಡಲೇ ಪೋಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಜೋಪಾನವಾಗಿಡಿ. ಕಾಣೆಯಾದವನ ತಂದೆ-ತಾಯಿ, ಸಹೋದರರು ತಮಗೆ ತಿಳಿದುದನ್ನು ನ್ಯಾಯಾಲಯದಲ್ಲಿ ಇದ್ದಂತೆ ಹೇಳಬೇಕು. ಸಾಕ್ಷ್ಯವನ್ನು ಬಚ್ಚಿಡಬಾರದೆಂಬುದು ಕುರ್‌ಆನಿನ ಆಜ್ಞೆ. ಮಗ ಮರಳಲೆಂದು ದುಆ ಮಾಡುವುದು ನಿಮ್ಮ ಹಕ್ಕು. ಸೊಸೆಯನ್ನು ತೂಗುಗತ್ತಿಯ ಕೆಳಗೆ ಇರಿಸುವ ಹಕ್ಕು ನಿಮಗಿಲ್ಲ.